ರೋಜಾಳ ಕೆಲಸ, ಪ್ರೇಮ್‌ಕುಮಾರನ ನಂಬರು

ಬದನವಾಳಿನ ರೋಜಾ ಹದಿನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಗುತ್ತಿಗೆ ಮಾಡುತ್ತಿದ್ದಳು. ಹುಲ್ಲು ಕತ್ತರಿಸುವುದು, ಅಂಗಳ ಗುಡಿಸುವುದು, ಗಿಡಗಳಿಗೆ ನೀರು ಬಿಡುವುದು ಇವರ ಕೆಲಸ. ಗುತ್ತಿಗೆ ಕಾಗದ ಅವಳ ಹೆಸರಿನಲ್ಲಿತ್ತು, ಬಿಲ್ಲು ಅವಳ ಹೆಸರಿನಲ್ಲಿತ್ತು, ಚೆಕ್ಕೂ ಅವಳ ಹೆಸರಿಗೇ ಬರುತ್ತಿತ್ತು. ಆದರೂ ೨೦೦೯ರ ಜುಲೈನಲ್ಲಿ ಇನ್‌ಕಮ್ ಟ್ಯಾಕ್ಸ್ ಆಫೀಸಿನಿಂದ ನೋಟಿಸ್ ಬಂದಿದ್ದು ಅವಳಿಗಲ್ಲ, ಅವಳ ಗಂಡ ಪ್ರೇಮ್‌ಕುಮಾರನಿಗೆ.

ಪ್ರೇಮ್‌ಕುಮಾರ್ ಟಿ. ನರಸೀಪುರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗುಮಾಸ್ತ. ನೋಟಿಸ್ ಸ್ಕೂಲಿನ ವಿಳಾಸಕ್ಕೇ ಬಂತು, ಹೆಡ್‌ಮಾಸ್ಟರ ಕೈಗೇ ಸಿಕ್ಕಿತು. ಎರಡು ವರ್ಷದಿಂದ ನೀವು ಗುತ್ತಿಗೆ ಕೆಲಸದಿಂದ ಹಣ ಪಡೆದಿದ್ದೀರಿ, ನಿಮ್ಮ ರಿಟರ್ನಿನಲ್ಲಿ ಅದನ್ನು ತೋರಿಸಿಲ್ಲ, ಯಾಕೆ ಎಂದು ಅದರಲ್ಲಿ ಕೇಳಿತ್ತು. ಹೆಡ್‌ಮಾಸ್ಟರಿಗೆ ಸಿಟ್ಟು ಬಂತು. ಸರ್ಕಾರಿ ನೌಕರಿಯಲ್ಲಿದ್ದುಕೊಂಡು ಗುತ್ತಿಗೆ ಮಾಡುತ್ತೀರಾ, ಆಗಸ್ಟ್ ಮುಗಿಯುವುದರೊಳಗೆ ದಾಖಲೆ ಸಮೇತ ಉತ್ತರ ಕೊಡಿ, ಇಲ್ಲದಿದ್ದರೆ ಮೇಲಕ್ಕೆ ಬರೆಯುತ್ತೇನೆ ಎಂದರು. ಮೇಲಕ್ಕೆ ಬರೆದರೆ ಸಸ್ಪೆಂಡ್ ಆಗಬಹುದು. ಜೀವನದಲ್ಲಿ ಒಂದು ಗರಿಕೆಯನ್ನೂ ಕತ್ತರಿಸದ ಮನುಷ್ಯ ಹುಲ್ಲಿನ ಗುತ್ತಿಗೆದಾರ ಆಗಿಬಿಟ್ಟಿದ್ದ!

ಇದು ಹೇಗಾಯಿತು? ನಮ್ಮ ಕಡೆ ಎಲ್ಲರೂ ಮಾಡುವ ತಪ್ಪಿನಿಂದಲೇ ಆಯಿತು. ರೇಷನ್ ಕಾರ್ಡು ಮನೆಗೊಂದು, ಗ್ಯಾಸ್ ಬುಕ್ಕು ಮನೆಗೊಂದು. ಹಾಗೇ ಪ್ಯಾನ್ ಕಾರ್ಡೂ ಮನೆಗೊಂದು ಅಂದುಕೊಂಡಿದ್ದೇವೆ. ಗುತ್ತಿಗೆ ಶುರುವಾದಾಗ ಫ್ಯಾಕ್ಟರಿಯ ಅಕೌಂಟ್ಸ್ ಗುಮಾಸ್ತ ಶಿವರಾಜು ಪ್ಯಾನ್ ನಂಬರ್ ಕೇಳಿದ. ರೋಜಾ, ಮನೆಯಲ್ಲಿ ಒಂದೇ ಕಾರ್ಡಿದೆ, ಯಜಮಾನರದ್ದು ಎಂದಳು. ಅದನ್ನೇ ಕೊಡಿ ಅಂದ ಶಿವರಾಜು. ಅವಳು ಕೊಟ್ಟಳು, ಅವನು ಬರೆದುಕೊಂಡ. ಇಬ್ಬರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಗುತ್ತಿಗೆ ಹಣ ಕೊಡುವಾಗ ಕಂಪನಿಯವರು ಸ್ವಲ್ಪ ತೆರಿಗೆ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುತ್ತಾರೆ. ಯಾರ ಲೆಕ್ಕಕ್ಕೆ ಕಟ್ಟಿದೆವು ಎಂದು ಮೂರು ತಿಂಗಳಿಗೊಮ್ಮೆ ಕಂಪ್ಯೂಟರಿನಲ್ಲಿ ಫಾರಂ ತುಂಬಿ ಕಳಿಸುತ್ತಾರೆ. ಎರಡು ವರ್ಷಕ್ಕೆ ಎಂಟು ಫಾರಂ ಹೋಗಿದ್ದವು. ಎಂಟರಲ್ಲೂ ರೋಜಾ ಎಂಬ ಹೆಸರಿನ ಪಕ್ಕ ಪ್ರೇಮ್‌ಕುಮಾರನ ನಂಬರು ಕೂತಿತ್ತು.

ಅವತ್ತು ಸಂಜೆ ಪ್ರೇಮ್‌ಕುಮಾರ್ ಕಾಗದ ಹಿಡಿದು ಮನೆಗೆ ಬಂದವನು ಟೀ ಕೂಡ ಮುಟ್ಟಲಿಲ್ಲ. ಫ್ಯಾಕ್ಟರಿಗೆ ನಾಳೆಯಿಂದಲೇ ಹೋಗಬೇಡ ಎಂದು ಹೆಂಡತಿಗೆ ಹೇಳಿದ.

"ಕಂಟ್ರಾಕ್ಟ್ ಬುಟ್ಬುಡು ಕಣೆ. ನನ್ ನೌಕ್ರಿ ಓದ್ರೆ ಮನೆ ನಡೆಯದೆಂಗೆ?"

ರೋಜಾಳಿಗೂ ಹೆದರಿಕೆ ಆಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಗಿಂತ ಸಿಟ್ಟು ಜಾಸ್ತಿ ಇತ್ತು. ಎರಡು ವರ್ಷ ಬೆಳಿಗ್ಗೆ ಆರಕ್ಕೆ ಎದ್ದು ಟೆಂಪೊ ಹತ್ತಿದವಳು ಅವಳು. ಸರ್ಕಾರದ ಕಂಪ್ಯೂಟರಿನಲ್ಲಿ ನೋಡಿದರೆ ಅವಳು ಒಂದು ದಿನವೂ ಕೆಲಸ ಮಾಡಿಲ್ಲ.

"ನಾನ್ ಬುಡಕಿಲ್ಲ. ತಪ್ಪಾಗಿರದು ಫಾರಮ್ಮಲ್ಲಿ. ನಾವ್ ಮಾಡಿರೋ ಕೆಲ್ಸ ತಪ್ಪಲ್ಲ."

ಅತ್ತೆ ಮಂಚಮ್ಮನಿಗೆ ಈ ಗಲಾಟೆಯೇ ಅರ್ಥವಾಗಲಿಲ್ಲ. ಗಂಡನ ನಂಬರು ಕೊಟ್ಟರೆ ಏನು ತಪ್ಪಮ್ಮಿ, ಗಂಡ ಹೆಂಡತಿ ಒಂದೇ ಅಲ್ಲವಾ ಎಂದು ಕೇಳಿದಳು. ಕೇಳುವ ಮಾತೇ. ನಮ್ಮಲ್ಲಿ ಎಷ್ಟೋ ಜನ ಹಾಗೇ ಅಂದುಕೊಂಡಿದ್ದೇವೆ.

ಉತ್ತರ ಹೇಳಿದವಳು ರಂಜಿನಿ. ರೋಜಾಳಿಗೆ ಚಿಕ್ಕಮ್ಮನ ಮಗಳು, ನಂಜನಗೂಡಿನಲ್ಲಿ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಇಂಥ ಫಾರಂಗಳನ್ನೇ ಟೈಪ್ ಮಾಡುವವಳು. ಮಾರನೇ ದಿನ ರೋಜಾ ನೋಟಿಸನ್ನು ಅವಳ ಮುಂದೆ ಹಿಡಿದಳು. ಪ್ರೇಮ್‌ಕುಮಾರನೂ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಿದ್ದ. ರಂಜಿನಿ ಎರಡು ಸಲ ಓದಿದಳು.

"ಕಂಪ್ಯೂಟರ್ ಎಸ್ರು ನೋಡಲ್ಲ ಕಣಕ್ಕ, ನಂಬ್ರು ನೋಡ್ತದೆ. ಯಾರ್ ನಂಬ್ರು ಇರ್ತದೋ ದುಡಿಮೆ ಅವ್ರುದ್ದೇ ಅಂತ ಬರ್ಕೊತದೆ."

ಹಾಗಾದರೆ ಮುಗಿಯಿತಲ್ಲ ಎಂದ ಪ್ರೇಮ್‌ಕುಮಾರ್. ಮುಗಿದಿಲ್ಲ ಭಾವ ಎಂದಳು ರಂಜಿನಿ. ಕಂಪ್ಯೂಟರಿನಲ್ಲಿ ಕಳಿಸಿದ ಫಾರಂ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ತಪ್ಪಾಗಿದ್ದರೆ ತಿದ್ದುಪಡಿ ಫಾರಂ ಕಳಿಸಬಹುದು. ಆದರೆ ಅದನ್ನು ರೋಜಾ ಕಳಿಸುವ ಹಾಗಿಲ್ಲ, ತೆರಿಗೆ ಆಫೀಸಿನವರೂ ತಿದ್ದಿ ಕೊಡುವುದಿಲ್ಲ. ತೆರಿಗೆ ಹಿಡಿದ ಕಂಪನಿಯವರೇ ಕಳಿಸಬೇಕು. ಹಳೆಯ ಫಾರಂ ಕೊಟ್ಟಾಗ ಅವರಿಗೊಂದು ರಸೀದಿ ಬಂದಿರುತ್ತದೆ, ಅದರ ನಂಬರು ಹಾಕಿ, ತಪ್ಪು ಪ್ಯಾನ್ ತೆಗೆದು ಸರಿಯಾದದ್ದು ಹಾಕಬೇಕು. ಅದಕ್ಕೂ ಮೊದಲು ರೋಜಾಳ ಸ್ವಂತ ಪ್ಯಾನ್ ಆಗಬೇಕು ಎಂದು ಬಿಡಿಸಿ ಹೇಳಿದಳು. ಅರ್ಜಿಯನ್ನು ಅಲ್ಲೇ ಕೂತು ತುಂಬಿದರು.

ಇಪ್ಪತ್ತು ದಿನಕ್ಕೆ ಕಾರ್ಡು ಬಂತು. ಮಂಚಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಮಗನ ಹೆಸರು ಎಲ್ಲಿ ಎಂದು ಕೇಳಿದಳು. ಮೊಮ್ಮಗಳು ಓದಿ ಹೇಳಿದಳು. ರೋಜಾ ಎಂಬ ಹೆಸರಿನ ಕೆಳಗೆ ಇದ್ದದ್ದು ಅವಳ ಅಪ್ಪ ಪುಟ್ಟಬಸವಯ್ಯನ ಹೆಸರು. ಪ್ಯಾನ್ ಕಾರ್ಡಿನ ಕ್ರಮವೇ ಹಾಗೆ, ಮದುವೆಯಾದ ಹೆಣ್ಣೂ ಅಪ್ಪನ ಹೆಸರನ್ನೇ ಬರೆಸಬೇಕು. ಮಂಚಮ್ಮ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದಳು. ಆಮೇಲೆ ಕಾರ್ಡನ್ನು ಸೆರಗಿನಲ್ಲಿ ಒರೆಸಿ ಸೊಸೆಯ ಕೈಗೆ ಕೊಟ್ಟಳು.

ರೋಜಾ ಕಾರ್ಡಿನ ಜೆರಾಕ್ಸು ಮತ್ತು ಒಂದು ಅರ್ಜಿ ಹಿಡಿದು ಶಿವರಾಜುವಿನ ಟೇಬಲ್ಲಿಗೆ ಹೋದಳು. ಶಿವರಾಜು ಕೆಟ್ಟವನಲ್ಲ, ಅಂಜುಬುರುಕ. ಎಂಟು ಫಾರಂ ತಿದ್ದುವುದೆಂದರೆ ಎಂಟು ಸಲ ಕೆಲಸ, ಮೇಲಾಗಿ ತಪ್ಪು ಮ್ಯಾನೇಜರಿಗೆ ಗೊತ್ತಾಗುತ್ತದೆ. ಅದಕ್ಕೇ ಅರ್ಜಿಯನ್ನು ಓದದೆ ಪಕ್ಕಕ್ಕೆ ತಳ್ಳಿದ.

"ಕಂಪ್ಯೂಟ್ರಲ್ಲಿ ಓಗ್ಬುಟ್ಟದೆ ಕಣಮ್ಮ, ಇನ್ನೇನೂ ಮಾಡಕಾಗಕಿಲ್ಲ. ಮುಂದಿನ್ ಸಲ ನೋಡವ."

ಇಂಥ ಮಾತು ಕೇಳಿ ನಾವೆಲ್ಲ ಎಷ್ಟು ಟೇಬಲ್ಲುಗಳಿಂದ ತಲೆ ತಗ್ಗಿಸಿ ವಾಪಸ್ ಬಂದಿಲ್ಲ ಹೇಳಿ. ಬಸ್ ಚಾರ್ಜು ದಂಡ, ಅರ್ಧ ದಿನದ ಕೂಲಿ ದಂಡ. ರೋಜಾ ವಾಪಸ್ ಬರಲಿಲ್ಲ. ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಅವನೆದುರಿಗೇ ಕೂತಳು. ಬ್ಯಾಗಿನಿಂದ ಒಂದು ಬಿಳಿ ಹಾಳೆ ತೆಗೆದು ಟೇಬಲ್ ಮೇಲಿಟ್ಟಳು.

"ಆಗಕಿಲ್ಲ ಅಂತ ಇದ್ರಲ್ಲಿ ಬರ್ದು, ಸೈನ್ ಮಾಡಿ ಸೀಲ್ ಆಕ್ಕೊಡಿ ಸಾ. ಮೈಸೂರ್ಗೆ ತಕ್ಕೊಂಡೋಗಿ ಟ್ಯಾಕ್ಸ್ ಆಫೀಸರ್ಗೆ ತೋರುಸ್ತೀನಿ."

ಶಿವರಾಜು ಪೆನ್ನು ಕೈಗೆ ತೆಗೆದುಕೊಂಡ, ಮತ್ತೆ ಕೆಳಗಿಟ್ಟ. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇಲ್ಲ, ಬರೆದುಕೊಟ್ಟರೆ ಅವನೇ ಸಿಕ್ಕಿಬೀಳುತ್ತಾನೆ. ಎದ್ದು ಹೋಗಮ್ಮ, ಕೆಲಸ ಇದೆ ಎಂದ. ನನಗೂ ಇದೇ ಕೆಲಸ ಎಂದಳು ರೋಜಾ. ಟೀ ಬಂತು, ಹೋಯಿತು. ಊಟದ ಬೆಲ್ ಹೊಡೆಯಿತು. ಗುತ್ತಿಗೆಯ ಹೆಂಗಸರು ಒಬ್ಬೊಬ್ಬರೇ ಬಂದು ಕಿಟಕಿಯ ಹತ್ತಿರ ನಿಂತರು. ಯಾರೂ ಗಲಾಟೆ ಮಾಡಲಿಲ್ಲ, ಸುಮ್ಮನೆ ನಿಂತು ನೋಡುತ್ತಿದ್ದರು. ಶಿವರಾಜುವಿಗೆ ಬುತ್ತಿ ಬಿಚ್ಚಲೂ ಆಗಲಿಲ್ಲ.

ಎರಡೂವರೆ ಹೊತ್ತಿಗೆ ಮ್ಯಾನೇಜರ್ ಆ ಕಡೆ ಬಂದು ಏನು ವಿಷಯ ಎಂದು ಕೇಳಿದರು. ಶಿವರಾಜು ಬಾಯಿ ತೆಗೆಯುವುದರೊಳಗೆ ರೋಜಾ ಎದ್ದು ನಿಂತು ಎಲ್ಲ ಹೇಳಿದಳು. ತಪ್ಪು ನಂಬರು ಕೊಟ್ಟದ್ದು ನಾನು ಎಂದು ಒಪ್ಪಿಕೊಂಡಳು. ಹೆಸರೊಂದು ನಂಬರೊಂದು ಆದರೆ ನೋಡಬೇಕಾದವರು ಇವರು ಎಂಬುದನ್ನೂ ಬಿಡದೆ ಹೇಳಿದಳು. ಮ್ಯಾನೇಜರು ಅರ್ಜಿ ಓದಿ, ತಿದ್ದುಪಡಿ ಕಳಿಸೋದಕ್ಕೆ ಆಗುತ್ತೋ ಇಲ್ಲವೋ ಎಂದು ಶಿವರಾಜುವನ್ನು ಕೇಳಿದರು.

ಆಯ್ತದೆ ಸಾ ಎಂದ ಶಿವರಾಜು.

ರೋಜಾಳ ಅರ್ಜಿಯ ಪ್ರತಿಗೆ ಅವತ್ತೇ ಸೀಲು ಬಿತ್ತು. ವಾರದೊಳಗೆ ಎಂಟೂ ತಿದ್ದುಪಡಿ ಫಾರಂ ಹೋದವು. ಹಾಗೆ ತಿದ್ದಲು ಕೂತಾಗ ಇನ್ನೂ ಮೂವರು ಗುತ್ತಿಗೆದಾರರ ನಂಬರು ತಪ್ಪಾಗಿರುವುದು ಕಂಡಿತು. ಒಬ್ಬ ಅಣ್ಣನದ್ದು ಕೊಟ್ಟಿದ್ದ, ಒಬ್ಬ ಮಾವನದ್ದು ಕೊಟ್ಟಿದ್ದ, ಇನ್ನೊಬ್ಬನ ನಂಬರಿನಲ್ಲಿ ಒಂದಕ್ಷರ ಆಚೀಚೆಯಾಗಿತ್ತು. ಅವನ್ನೂ ಶಿವರಾಜುವೇ ಸರಿ ಮಾಡಿದ.

ಆಗಸ್ಟ್ ಕೊನೆಯ ವಾರ ಪ್ರೇಮ್‌ಕುಮಾರ್ ತಿದ್ದುಪಡಿಯ ರಸೀದಿಗಳನ್ನೂ, ತೆರಿಗೆ ಹಿಡಿದದ್ದಕ್ಕೆ ಕಂಪನಿಯವರು ಕೊಟ್ಟ, ರೋಜಾಳ ಹೆಸರು ರೋಜಾಳ ನಂಬರು ಇದ್ದ ಹೊಸ ತೆರಿಗೆ ಸರ್ಟಿಫಿಕೇಟುಗಳನ್ನೂ ಹೆಡ್‌ಮಾಸ್ಟರ ಮುಂದಿಟ್ಟ. ಹೆಂಡತಿಯ ದುಡಿಮೆಯ ವಿಷಯ ಇಲಾಖೆಗೆ ಮೊದಲೇ ತಿಳಿಸಬೇಕಿತ್ತಲ್ಲಪ್ಪ ಎಂದು ಅವರು ಒಂದು ಪತ್ರ ಬರೆಸಿಕೊಂಡರು, ಮೇಲಕ್ಕೆ ಬರೆಯುವ ಮಾತು ಬಿಟ್ಟರು. ಅದೇ ಕಾಗದಗಳ ನಕಲು ಮೈಸೂರಿನ ತೆರಿಗೆ ಆಫೀಸಿಗೂ ಹೋಯಿತು. ರೋಜಾ ತನ್ನ ಹೆಸರಿನಲ್ಲೇ ಮೊದಲ ಸಲ ರಿಟರ್ನ್ ಹಾಕಿದಳು. ಕೆಲವು ವಾರ ಕಳೆದ ಮೇಲೆ ರಂಜಿನಿ ಕಂಪ್ಯೂಟರಿನಲ್ಲಿ ರೋಜಾಳ ನಂಬರು ಹಾಕಿ ಲೆಕ್ಕ ತೆಗೆದು ತೋರಿಸಿದಳು. ಎಂಟು ಸಾಲು, ಎರಡು ವರ್ಷದ ಕೆಲಸ. ಪ್ರೇಮ್‌ಕುಮಾರನ ನಂಬರು ಹಾಕಿದರೆ ಸ್ಕೂಲಿನ ಸಂಬಳ ಬಿಟ್ಟು ಬೇರೇನೂ ಕಾಣಲಿಲ್ಲ.

ಪ್ರೇಮ್‌ಕುಮಾರ್ ಆ ಎಂಟು ಸಾಲನ್ನು ಬೆರಳಿಟ್ಟು ಓದಿದ. ಅವನಿಗೆ ನಾಚಿಕೆಯಾಯಿತು, ಅದನ್ನು ಬಾಯಿ ಬಿಟ್ಟು ಹೇಳಿದ.

"ಇಷ್ಟ್ ಕೆಲ್ಸ ಮಾಡಿದ್ದೀಯ. ಬುಟ್ಬುಡು ಅಂದೆನಲ್ಲ ನಾನು."

ಓದಿದ ನೀವು, ಕೇಳಿದ ನೀವು, ರಸ್ತೆ ಕೆಲಸವೋ, ಸುಣ್ಣ ಬಳಿಯುವುದೋ, ಗಾಡಿ ಬಾಡಿಗೆಯೋ, ಯಾವ ಗುತ್ತಿಗೆಯನ್ನಾದರೂ ಮಾಡಿ. ಪ್ಯಾನ್ ಕಾರ್ಡು ಮನೆಗೊಂದಲ್ಲ, ಆಳಿಗೊಂದು. ಗಂಡನದ್ದು, ಅಣ್ಣನದ್ದು ಕೊಡಬೇಡಿ. ವರ್ಷಕ್ಕೊಂದು ಸಲವಾದರೂ ತೆರಿಗೆ ಸರ್ಟಿಫಿಕೇಟು ಕೇಳಿ ಪಡೆಯಿರಿ, ಅದರಲ್ಲಿರುವ ಪ್ಯಾನ್ ನಂಬರನ್ನೂ ನಿಮ್ಮ ಕಾರ್ಡಿನ ನಂಬರನ್ನೂ ಒಂದೊಂದೇ ಅಕ್ಷರ ಹಿಡಿದು ನೋಡಿ. ತಪ್ಪಿದ್ದರೆ ತಿದ್ದುಪಡಿ ಫಾರಂ ಕಳಿಸಿ ಎಂದು ಹಣ ಕೊಟ್ಟವರಿಗೆ ಅರ್ಜಿ ಬರೆದು, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಆಗುವುದಿಲ್ಲ ಅಂದರೆ ನಂಬಬೇಡಿ, ಆಗುತ್ತದೆ. ದುಡಿದವರು ನೀವು. ನಿಮ್ಮ ದುಡಿಮೆ ನಿಮ್ಮ ನಂಬರಿಗೆ ಬಂದು ಸೇರುವವರೆಗೆ ಯಾರು ಏಳು ಅಂದರೂ ಏಳಬೇಡಿ.