ಮೂವರು ಆಂಜೆಲಿಕ್‌ಗಳು

"ಅಂತೂ ಕ್ಲೀನ್ ಆಯ್ತು ನೋಡಮ್ಮ," ಎಂದು ಉದಯಶಂಕರ ಲ್ಯಾಪ್‌ಟಾಪನ್ನು ಮಗಳು ಹರ್ಷಿಣಿಯ ಕಡೆ ತಿರುಗಿಸಿದ. "ನಿನ್ನ ಗಂಡನ ವಂಶದಲ್ಲಿ ಒಂದೇ ಹೆಸರು ಮೂರ್ ಮೂರು ಸಲ ಎಂಟ್ರಿ ಆಗಿತ್ತು. ಎಲ್ಲಾ ಮರ್ಜ್ ಮಾಡಿ ಒಂದೇ ಮಾಡ್ಬಿಟ್ಟೆ."

ಕಂಪನಿಗಳ ಡೇಟಾ ತೊಳೆದು ಚೊಕ್ಕಟ ಮಾಡುವುದೇ ಅವನ ಹೊಟ್ಟೆಪಾಡು. ಬಸುರಿ ಮಗಳನ್ನು ನೋಡಲು ಟೆಕ್ಸಾಸಿನ ಕಾಪೆಲ್‌ನಿಂದ ಸೀಡರ್ ಪಾರ್ಕಿನ ಅವಳ ಮನೆಗೆ ಬಂದವನು, ಸುಮ್ಮನೆ ಕೂರಲಾರದೆ ಅಳಿಯ ಲೂಕ್ ಬೆಲಾಂಜೆಯ ವಂಶವೃಕ್ಷಕ್ಕೆ ಕೈ ಹಾಕಿದ್ದ. ಲೂಕ್‌ನ ತಾತ ಕೆನಡಾದ ಕ್ವಿಬೆಕ್‌ನಿಂದ ಹೂಸ್ಟನ್ನಿಗೆ ಬಂದವರು. ಅವರ ಹಿಂದಿನವರು ಮುನ್ನೂರು ವರ್ಷದ ಕೆಳಗೆ ಫ್ರಾನ್ಸ್‌ನಲ್ಲಿ ಹಡಗು ಹತ್ತಿದವರು. ಹೋದ ವರ್ಷದಿಂದ ಲೂಕ್ ಹಳೆಯ ಚರ್ಚುಗಳ ದಾಖಲೆ ಹುಡುಕಿ ಒಬ್ಬೊಬ್ಬರನ್ನೇ ಸೇರಿಸುತ್ತಿದ್ದ. 'ಇವರಿಬ್ಬರೂ ಒಬ್ಬರೇ?' ಎಂದು ಕಂಪ್ಯೂಟರ್ ಕೇಳಿದಾಗಲೆಲ್ಲ ಉದಯಶಂಕರ 'ಹೌದು' ಒತ್ತಿದ್ದ. ಮಾವನಿಂದ ಅಳಿಯನಿಗೆ ಇಷ್ಟಾದರೂ ಉಪಕಾರ ಬೇಡವೇ!

ಕಾಫಿ ಹಿಡಿದು ಬಂದ ಲೂಕ್ ಪರದೆ ನೋಡಿದ. ಮೊದಲೇ ಬಿಳಿಯ, ಇನ್ನಷ್ಟು ಬಿಳಿಚಿಕೊಂಡ. ಆಂಜೆಲಿಕ್‌ಗಳು ಎಲ್ಲಿ ಹೋದರು ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಇಲ್ಲೇ ಇದ್ದಾಳಲ್ಲ," ಎಂದು ಮಾವ ಬೆರಳು ತೋರಿಸಿದ.

"ಅಯ್ಯೋ ಅಪ್ಪಾ, ಅವ್ರು ಒಬ್ರಲ್ಲ, ಮೂರು ಜನ!" ಎಂದಳು ಹರ್ಷಿಣಿ. "ಅಕ್ಕ ತಂಗೀರು. ಮೊದಲನೇ ಆಂಜೆಲಿಕ್ ಕೂಸಾಗಿದ್ದಾಗ್ಲೇ ತೀರ್ಕೊಂಡ್ಲು. ಆಮೇಲೆ ಹುಟ್ಟಿದ ಮಗೂಗೂ ಅದೇ ಹೆಸರಿಟ್ರು, ಅವಳೂ ಹೋದ್ಲು. ಮೂರನೇ ಆಂಜೆಲಿಕ್ ಉಳ್ಕೊಂಡ್ಲು. ಅವಳ ವಂಶಾನೇ ಇವ್ರು. ಅಲ್ಲಿ ಎಷ್ಟೋ ಮನೇಲಿ ಹಾಗೇ ಇಡ್ತಿದ್ರಂತೆ."

ಉದಯಶಂಕರ ಎರಡು ಕೂಸುಗಳನ್ನು ಕಾಫಿ ಕುಡಿಯುತ್ತಾ ಅಳಿಸಿ ಹಾಕಿದ್ದ. ಆದರೆ ಅದಕ್ಕಿಂತ ಗಾಬರಿ ಬೇರೆಯದಕ್ಕೆ. "ಸತ್ತ ಮಗೂ ಹೆಸರನ್ನ ಬದುಕಿರೋ ಮಗೂಗೆ ಯಾರಾದ್ರೂ ಇಡ್ತಾರೇನಮ್ಮ?"

"ನಾವಿಡ್ತೀವಿ," ಎಂದಳು ಹರ್ಷಿಣಿ, ಹೊಟ್ಟೆಯ ಮೇಲೆ ಕೈಯಿಟ್ಟು. ಇದೂ ಹೆಣ್ಣೇ ಎಂದು ಡಾಕ್ಟರು ಹೇಳಿದ್ದರು. "ಇಶಾ ಅಂತಾನೇ."

ಹೋದ ವರ್ಷ, ತೊಟ್ಟಿಲಿಗೆ ಹಾಕುವ ಮೊದಲೇ, ಆಸ್ಪತ್ರೆಯಲ್ಲೇ ಹೋಗಿಬಿಟ್ಟ ಮೊಮ್ಮಗಳ ಹೆಸರು ಅದು. ಅಂದಿನಿಂದ ಉದಯಶಂಕರ ಆ ಹೆಸರೆತ್ತಿರಲಿಲ್ಲ, ತನ್ನೆದುರು ಯಾರೂ ಎತ್ತದಂತೆ ನೋಡಿಕೊಂಡಿದ್ದ. ಇದ್ದ ಒಂದು ಫೋಟೋವನ್ನೂ ಬೀರುವಿಗೆ ಸೇರಿಸಿದ್ದ.

"ಬೇಡ ಕಣಮ್ಮ, ಕೈ ಮುಗೀತೀನಿ. ನಮ್ ಕಡೆ ಹಾಗಲ್ಲ. ನನಗಿಂತ ಮುಂಚೆ ಹುಟ್ಟಿದ ಇಬ್ರು ಉಳೀಲಿಲ್ಲ ಅಂತ ನಮ್ಮಜ್ಜಿ ನನ್ನ ಗುಂಡ ಅಂತ ಕರೀತಿದ್ರು. ಕಲ್ಲುಗುಂಡು ಅಂದ್ಕೊಂಡು ಯಮ ಬಿಟ್ಟು ಹೋಗ್ಲಿ ಅಂತ. ಉಳಿದೆ ತಾನೇ?"

"ಆ ಇಬ್ರ ಹೆಸರೇನಪ್ಪ?"

ಉದಯಶಂಕರನಿಗೆ ಹೆಸರು ಗೊತ್ತಿಲ್ಲ. ಅವರು ಅಣ್ಣಂದಿರೋ ಅಕ್ಕಂದಿರೋ, ಅದೂ ಗೊತ್ತಿಲ್ಲ. ಅಮ್ಮ ಹೇಳಲಿಲ್ಲ, ಇವನು ಕೇಳಲಿಲ್ಲ, ಈಗ ಹೇಳುವವರು ಯಾರೂ ಉಳಿದಿಲ್ಲ. ಇಷ್ಟು ವಯಸ್ಸಾದರೂ ಈ ಪ್ರಶ್ನೆ ಒಮ್ಮೆಯೂ ತಲೆಗೆ ಬಂದಿರಲಿಲ್ಲವಲ್ಲ ಎಂದು ದಿಗಿಲಾಯಿತು. ಎಲ್ಲೋ ಹಿಮದ ನಾಡಿನಲ್ಲಿ ಯಾವುದೋ ಕಾಲಕ್ಕೆ ಸತ್ತ ಹಸುಳೆಗಳ ಹೆಸರು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಅವನು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ. ಸೇರಿಸಿದ್ದನ್ನು ಒಂದೊಂದಾಗಿ ಬಿಡಿಸಿದ. ಮೂವರು ಆಂಜೆಲಿಕ್‌ಗಳು ಮತ್ತೆ ಸಾಲಾಗಿ ಬಂದು ನಿಂತರು. ಆಮೇಲೆ ಪರದೆಯಲ್ಲಿ ಕೆಳಕ್ಕೆ, ತೀರಾ ಕೆಳಕ್ಕೆ ಇಳಿದ. ಅಲ್ಲಿ ಲೂಕ್, ಹರ್ಷಿಣಿ, ಅವರ ಕೆಳಗೆ ಒಂದೇ ಹೆಸರು.

"ಇಶಾ," ಎಂದು ಓದಿದ. "ಪಕ್ಕದಲ್ಲಿ ಇನ್ನೊಂದು ಹಾಕ್ಲೇನಮ್ಮ?"

ಹರ್ಷಿಣಿ ಹೂಂ ಎಂದು ತಲೆಯಾಡಿಸಿದಳು. ಅವನು ಟೈಪ್ ಮಾಡಿ ಮುಗಿಸುವುದರೊಳಗೆ ಕಂಪ್ಯೂಟರ್ ಕೇಳಿತು: 'ಇವರಿಬ್ಬರೂ ಒಬ್ಬರೇ?'

ಉದಯಶಂಕರ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. 'ಅಲ್ಲ' ಒತ್ತಿದ.