ಹಸಿ ಮೈದಾನದಲ್ಲಿ ಗಂಧಕ್

ಹಸಿ ಮಣ್ಣಿನ ವಾಸನೆ, ಎಲ್ಲಿಂದ ಬಂತಿದು, ಏಕನಾಥನ ಮೂಗು ಅವನಿಗಿಂತ ಮೊದಲೇ ಮೈದಾನದ ಗೇಟು ದಾಟಿತು, ಮಳೆ, ಬೀದರಿಗೆ ಮಳೆ ಬಿದ್ದಿದೆ, ಲಾತೂರಿಗೆ ರೈಲಿನಲ್ಲಿ ನೀರು ಹೋಗುತ್ತಿರುವ ಈ ಸುಡುಗಾಡು ಬೇಸಿಗೆಯಲ್ಲಿ ಒಂದೇ ದಿನ ಎರಡು ಭಾಗ್ಯ, ಮಳೆಯೂ ಗಂಧಕ್ ಬ್ಯಾಂಡೂ, ಮೊಬೈಲು ತೆಗೆದು ಹೆಂಡತಿಗೆ ಹಚ್ಚಿಯೇಬಿಟ್ಟ, ಮಳಿ ಆಗ್ಯಾದ ಶಾಲೂ, ಕೊಡಾ ಎಲ್ಲಾ ಅಂಗಳದಾಗ ಇಡು — ಆ ಕಡೆ ಶಾಲುಬಾಯಿ ನಗಲೂ ಇಲ್ಲ, ಇಲ್ಲಿ ಒಂದ ಮೋಡ ಇಲ್ಲರಿ, ಕೊಡಾ ಸಾಲಿನಾಗ ಇಟ್ಟು ಕುಂತೀನಿ, ಇವತ್ತೂ ಟ್ಯಾಂಕರ್ ಬಂದಿಲ್ಲ, ನೀವು ನಿಮ್ಮ ಹಾಡಾ ಕೇಳ್ರಿ. ಕೇಳುತ್ತೇನೆ, ಯಾಕೆ ಕೇಳಬಾರದು, ಭಾಲ್ಕಿ ಸ್ಟೇಷನ್ನಿನ ಎದುರು ಗೆಳೆಯ ಹಬೀಬನ ಅಪ್ಪನ ಚಹಾದಂಗಡಿಯಲ್ಲಿ ಇದ್ದದ್ದೇ ಒಂದು ಕ್ಯಾಸೆಟ್ಟು, ಹೈದರಾಬಾದಿನ ನಾಲ್ಕು ಹುಡುಗರು, ಉದ್ದ ಕೂದಲು, ಕರೆಂಟಿನ ಗಿಟಾರು, ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದವನು ಇದೇ ಏಕನಾಥ, ಆ ಹಾಡುವವ ಒಮ್ಮೆ ಒದರಿದರೆ ಶಾಲೆಯ ಮಾಸ್ತರ, ರೇಷನ್ ಅಂಗಡಿಯವ, ಬಿಸಿಲು, ಎಲ್ಲರಿಗೂ ಒಟ್ಟಿಗೇ ಬೈದಂತಾಗುತ್ತಿತ್ತು, ತನ್ನ ಸಿಟ್ಟನ್ನೇ ಯಾರೋ ತಾಳ ಹಾಕಿ ಹಾಡುತ್ತಿದ್ದಾರೆ ಎಂಬ ಧೈರ್ಯ — ಆ ಗಂಧಕ್ ಇದೇ ಮೈದಾನಕ್ಕೆ ಬರುತ್ತದೆಂದು ಪೋಸ್ಟರು ಬಿದ್ದ ವರ್ಷವೂ ಬರ, ಭಾಲ್ಕಿಯ ಅರ್ಧ ಓಣಿ ಕೂಲಿಗಾಗಿ ಹೈದರಾಬಾದಿನ ಲಾರಿ ಹತ್ತಿತು, ಲಾರಿ ಈ ಗೇಟಿನ ಮುಂದೆಯೇ ಹಾದುಹೋಯಿತು, ಅವ್ವನ ಗಂಟುಗಳ ಮೇಲೆ ಕೂತು ಅವನು ಕಂಡದ್ದು ಬರೀ ಕಂಬ, ಇನ್ನೂ ಹೂಳುತ್ತಿದ್ದ ಸ್ಟೇಜಿನ ಕಂಬ, ಇಳಿಸು ಎಂದು ಅತ್ತದ್ದಕ್ಕೆ ಅಪ್ಪ ಕಪಾಳಕ್ಕೆ ಕೊಟ್ಟ, ಅಲ್ಲಿ ಕಲ್ಲು ಒಡಿಯೋದದ, ಬೇಕಾದಷ್ಟು ತಾಳ ಹಾಕು ಮಗನ.

ಕಾಲು ಪಚಕ್ಕೆಂದಿತು. ಚಪ್ಪಲಿ ಕೆಸರಿನಲ್ಲೇ ಉಳಿಯಿತು, ಬರಿ ಹಿಮ್ಮಡಿ ಇಳಿದ ಗುಂಡಿಯಲ್ಲಿ ಕೆಂಪು ನೀರು ತುಂಬಿ ನಿಂತಿತು — ಮಳೆಯಾಗಿದ್ದರೆ ರಸ್ತೆ ಯಾಕೆ ಒಣಗಿದೆ, ಬೇಲಿಯ ಬುಡ ಯಾಕೆ ಒಣಗಿದೆ, ಮೈದಾನವೊಂದೇ ಪಟ್ಟೆ ಪಟ್ಟೆಯಾಗಿ ನೆಂದಿದೆ, ಚಪ್ಪಲಿ ಕಿತ್ತು ಕೈಯಲ್ಲಿ ಹಿಡಿದು ನೋಡಿದರೆ ಸ್ಟೇಜಿನ ಹಿಂದೆ ಟ್ಯಾಂಕರು, ಹಸಿರು ಹಗ್ಗ ಕಟ್ಟಿದ ಮಡ್‌ಗಾರ್ಡು, ನಲ್ಲಿಗೆ ಸುತ್ತಿದ ಹರಕು ಸೀರೆ, ಆ ಸೀರೆ ಶಾಲುಬಾಯಿಯದೇ, ಸೋರಬಾರದೆಂದು ಅವಳೇ ಕಟ್ಟಿದ್ದು, ಔರಾದ ಕಡೆಯ ಬಾವಿಯಿಂದ ತಮ್ಮ ಓಣಿಗೆ ಬರಬೇಕಾದ ನೀರು. ಒಳಗೆ ಡ್ರೈವರ್ ಮುನೀರೋದ್ದೀನ ಸ್ಟೇರಿಂಗಿಗೆ ಮುಖ ಕೊಟ್ಟು ಕೂತಿದ್ದ, ನನಗ್ಯಾಕ ಬೈತೀರಿ ಏಕನಾಥಣ್ಣ, ಹೇಳಿದಲ್ಲಿ ಒಯ್ತೀನಿ, ಹಾಡೋರ ಗಂಟಲಾಗ ಧೂಳಾ ಹೋಗಬಾರದಂತ ನೆಲಕ್ಕ ಹೊಡಿಸ್ಯಾರ. ಗಂಟಲು! ಮೇಲೆ ಬ್ಯಾನರು, ಬರ ಪರಿಹಾರಕ್ಕಾಗಿ ಸಂಗೀತ ಸಂಜೆ, ಪರಿಹಾರವಂತೆ, ನಿಮ್ಮ ಸಂಜೆಗೆ ಬೆಂಕಿ ಬೀಳಲಿ, ಗಾಂಧಿ ಗಂಜ್ ಮಾರ್ಕೆಟ್ಟಿನಲ್ಲಿ ತೊಗರಿ ಚೀಲ ಹೊತ್ತು ಕಲ್ಲಾದ ಕೈಯಿಂದ ಟ್ಯಾಂಕರಿನ ಹೊಟ್ಟೆಗೆ ಗುದ್ದಿದ, ಢಣ್ ಎಂದಿತು, ಖಾಲಿ, ಅದೇ ಹೊತ್ತಿಗೆ ಸ್ಟೇಜಿನ ಮೇಲೆ ಡ್ರಮ್ಮು, ಹಬೀಬ ಬಂದು ಭುಜ ಎಳೆಯುತ್ತಾನೆ, ಬಾರೋ ಭಾಯ್, ಮೂವತ್ತ ವರ್ಷ ಕಾದೀವಿ, ಚೆಲ್ಲಿದ್ದು ಬಳದು ಕೊಡಾ ತುಂಬತೀಯೇನ?

ಹೋಗುತ್ತೇನೆ, ಗೇಟು ಅಲ್ಲೇ ಇದೆ, ಒಂದು ಸಲ ಕೇಳಿ ಹೋಗುತ್ತೇನೆ, ಆ ಹಾಡುವವ ಕೆಟ್ಟದಾಗಿ ಹಾಡಲಿ, ಮುದುಕನಾಗಿದ್ದಾನೆ, ಕೂದಲು ಉದುರಿದೆ, ಹೊಟ್ಟೆ ಬಂದಿದೆ, ದನಿ ಒಡೆಯಲಿ, ಆಗ ಥೂ ಎಂದು ಉಗಿದು ನಡೆಯಬಹುದು — ಒಡೆಯಲಿಲ್ಲ. ಅದೇ ದನಿ, ಅದೇ ಒದರಾಟ, ಕ್ಯಾಸೆಟ್ಟಿಗಿಂತ ಚೊಕ್ಕ, ಒಂದು ಕಣ ಧೂಳಿಲ್ಲದ ಗಂಟಲು, ಎದೆಯೊಳಗೆ ಆ ಚಹಾದಂಗಡಿ ಎದ್ದು ನಿಂತಿತು, ಹರಾಮಖೋರ, ಎಷ್ಟು ಚೆಂದ ಹಾಡುತ್ತೀಯೋ, ಯಾರ ನೀರು ಕುಡಿದು ಹಾಡುತ್ತೀಯೋ, ಜೇಬಿನಲ್ಲಿ ಫೋನು ನಡುಗುತ್ತಿದೆ, ಶಾಲುಬಾಯಿಯೇ, ತೆಗೆದರೆ ಹಾಡು ಅವಳಿಗೆ ಕೇಳುತ್ತದೆ, ತೆಗೆಯಬಾರದು, ಹೋಗಬೇಕು, ಹೋಗು ಏಕನಾಥ ಹೋಗು, ಆದರೆ ಕಾಲು, ಈ ಹಡಬಿಟ್ಟಿ ಕಾಲು ತಾನಾಗಿಯೇ ತಾಳ ಹಾಕುತ್ತಿದೆ, ಹಿಮ್ಮಡಿ ಇಳಿಯುತ್ತದೆ, ಏಳುತ್ತದೆ, ಎದ್ದಾಗೆಲ್ಲ ಗುಂಡಿಯಲ್ಲಿ ನೀರು ಬಂದು ನಿಲ್ಲುತ್ತದೆ, ಒತ್ತಿದರೆ ಹೋಗುತ್ತದೆ, ಎತ್ತಿದರೆ ಬರುತ್ತದೆ, ಸಾಲಿನಲ್ಲಿ ಕೊಡ, ಹಿಮ್ಮಡಿಯ ಗುಂಡಿ, ಗುಂಡಿಯಲ್ಲಿ ಕೆಂಪು ನೀರು, ನೀರು —