ಡಿಕ್ಕಿಯಲ್ಲಿ ಮಲಗಿ ಕೇಳಿದ್ದು

ಗಾಡಿ ರಿಪೇರಿಯ ಸಂಗತಿಯನ್ನು ಕತೆ ಮಾಡಿ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸ್ಪ್ಯಾನರ್ ಹಿಡಿದು ಬದುಕಿದವರು ಓದಿದರೆ ಅಲ್ಲಲ್ಲಿ ತಪ್ಪು ಸಿಕ್ಕೀತು, ಹೊಟ್ಟೆಗೆ ಹಾಕಿಕೊಳ್ಳಬೇಕು. ಹೇಳದೆ ಸುಮ್ಮನಿರೋಣವೆಂದರೆ ಆ ಮಧ್ಯಾಹ್ನ ಕಿವಿಯಣ್ಣ ಪಟ್ಟ ಪಾಡು ಮನಸ್ಸಿನಿಂದ ಹೋಗುತ್ತಿಲ್ಲ.

ಕಿವಿಯಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಬೇರೆ ಗ್ಯಾರೇಜಿನವರು ಬಿಚ್ಚಿ ನೋಡಿ ಹೇಳುವುದನ್ನು ಅವನು ಕೇಳಿಯೇ ಹೇಳುತ್ತಿದ್ದ. ಗ್ಯಾರೇಜಿನಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಅವನ ಹೆಂಡತಿಯ ತಮ್ಮ. ಗಾಡಿ ಓಡುವಾಗ ಮಾತ್ರ ಬರುವ ಶಬ್ದವಾದರೆ ಮೈದುನ ಓಡಿಸಬೇಕು, ಕಿವಿಯಣ್ಣ ಹಿಂದೆ ಎಲ್ಲಾದರೂ ಮಲಗಿ ಕೇಳಬೇಕು. ಓಡಿಸುವವನು ತುಟಿ ಬಿಚ್ಚುವಂತಿಲ್ಲ. ಒಬ್ಬ ಬಾಯಿ ತಪ್ಪಿ ‘ಬೇರಿಂಗು’ ಅಂದರೆ ಸಾಕು, ಇನ್ನೊಬ್ಬನ ಕಿವಿಗೂ ಬೇರಿಂಗೇ ಕೇಳಿಸತೊಡಗುತ್ತದೆ ಎಂಬುದು ಕಿವಿಯಣ್ಣನ ವಾದ. ಕೇಳಿದವನು ಹೇಳಿದ್ದೇ ಕೊನೆ. ಈ ಕಟ್ಟಳೆಯನ್ನು ಅವನೇ ಮಾಡಿದ್ದ, ಮೈದುನ ಒಂದು ದಿನವೂ ಮುರಿದಿರಲಿಲ್ಲ.

ಆ ವಾರ ಬಂದದ್ದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತಲೆಯ ಮೇಲೆ ಮಡಚುವ ಬಟ್ಟೆ, ಮುಂದೆ ಉದ್ದನೆಯ ಮೂತಿ. ಒಡತಿ ಹೆರಿಗೆ ವಾರ್ಡಿನಿಂದ ನಿವೃತ್ತಿಯಾದ ನರ್ಸಮ್ಮ. ಮೊಮ್ಮಕ್ಕಳನ್ನು ಕೂರಿಸಲು ಇದರಲ್ಲಿ ಜಾಗ ಎಲ್ಲಿದೆ ಎಂದು ಗಂಡ ಕೇಳಿದ್ದಕ್ಕೆ, ಅದನ್ನು ನೋಡಿಯೇ ಕೊಂಡೆ ಅಂದಿದ್ದರಂತೆ. ಅವರ ದೂರು ಎರಡು. ಹಿಂದೆ ಎಲ್ಲೋ ಗುಂಯ್ ಎನ್ನುತ್ತದೆ. ಅದಲ್ಲದೆ, ಹೊರಡುವಾಗ ಒಂದು ಹಕ್ಕಿ ಚಿಂವ್ ಚಿಂವ್ ಎನ್ನುತ್ತದೆ, ವೇಗ ಏರಿದಂತೆ ಹಕ್ಕಿಗೂ ಅವಸರ.

ಗುಂಯ್ ಎನ್ನುವುದನ್ನು ಕಿವಿಯಣ್ಣ ಮೊದಲ ಸುತ್ತಿನಲ್ಲೇ ಹಿಡಿದ. ಎಡಕ್ಕೆ ತಿರುಗಿ ಭಾರ ಬಲಕ್ಕೆ ವಾಲಿದಾಗ ಹೆಚ್ಚುತ್ತಿತ್ತು, ಬಲಕ್ಕೆ ತಿರುಗಿದಾಗ ತಗ್ಗುತ್ತಿತ್ತು. ಬಲಗಡೆಯ ಹಿಂದಿನ ಚಕ್ರದ ಬೇರಿಂಗು. ಬಿಚ್ಚಿದರೆ ಸವೆದೇ ಇತ್ತು. ಹೊಸದನ್ನು ಕೂರಿಸಿದ, ಗುಂಯ್ ಹೋಯಿತು. ಹಕ್ಕಿಯೂ ಅದರ ಜೊತೆಗೇ ಹಾರಿಹೋಗಿರಬೇಕೆಂದು ಭಾವಿಸಿದ.

ಅಂದು ಬೆಳಿಗ್ಗೆ ನರ್ಸಮ್ಮ ಬಂದು ಒಂದು ಸುತ್ತು ಹೊಡೆದು ವಾಪಸು ತಂದು ನಿಲ್ಲಿಸಿದರು. ಬೇರಿಂಗಿನ ಕೆಲಸವನ್ನು ಹೊಗಳಿದರು. ಆಮೇಲೆ ಹೇಳಿದರು:

“ಹಕ್ಕಿ ಇನ್ನೂ ಅಲ್ಲೇ ಇದೆ. ಸಂಜೆ ಬೆಟ್ಟ ಇಳಿದು ತಂಗಿ ಮನೆಗೆ ಹೋಗ್ಬೇಕು. ಇನ್ನೊಂದ್ಸಲ ಕೇಳಿ ನೋಡಿ. ನೀವು ಪರವಾಗಿಲ್ಲ ಅಂದ್ರೆ ಹೊರಡ್ತೀನಿ, ಬೇಡ ಅಂದ್ರೆ ಇಲ್ಲ.”

ಅಷ್ಟು ಹೇಳಿ ನಡೆದುಕೊಂಡೇ ಹೋದರು. ಆ ಮಾತು ಕಿವಿಯಣ್ಣನ ಹೆಗಲ ಮೇಲೆ ಕೂತಿತು.

ಊಟವಾದ ಮೇಲೆ ಅವನು ಡಿಕ್ಕಿಯಲ್ಲಿ ಮೊಣಕಾಲು ಮಡಚಿ ಮಲಗಿದ. ಮೈದುನ ಮುಚ್ಚಳ ಮುಚ್ಚಿ ಗಾಡಿ ಹೊರಡಿಸಿದ. ಒಳಗಿನಿಂದ ಒಂದು ಸಲ ತಟ್ಟಿದರೆ ಆಕ್ಸಿಲರೇಟರ್ ಬಿಡಬೇಕು, ಎರಡು ಸಲ ತಟ್ಟಿದರೆ ನ್ಯೂಟ್ರಲ್‌ಗೆ ಹಾಕಬೇಕು. ಕಿವಿಯಣ್ಣ ತಟ್ಟಿದ, ಕೇಳಿದ, ಮತ್ತೆ ತಟ್ಟಿದ. ಟೈರಿನ ಸದ್ದು ಕೇಳಿತು, ಸೈಲೆನ್ಸರಿನ ಗೊರಗೊರ ಕೇಳಿತು, ತನ್ನದೇ ಉಸಿರು ಕೇಳಿತು. ಹಕ್ಕಿ ಇರಲಿಲ್ಲ. ಇಲ್ಲದ್ದಕ್ಕೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹೆರಿಗೆ ವಾರ್ಡಿನಲ್ಲಿ ಮಗುವಿನ ಮೊದಲ ಉಸಿರಿಗೆ ಕಾದು ಕೂತವರು ಇಲ್ಲದ ಶಬ್ದವನ್ನು ಇದೆ ಅನ್ನುತ್ತಾರೆಯೇ?

ಗ್ಯಾರೇಜಿಗೆ ಬಂದು ಇಳಿದಾಗ ಮೈದುನ ಕೈ ಒರೆಸಿಕೊಳ್ಳುತ್ತ ಗೋಡೆ ನೋಡುತ್ತಿದ್ದ. ಹಳೇ ಗಾಡಿ, ಸ್ವಲ್ಪ ಮಾತಾಡ್ತದೆ, ಭಯ ಇಲ್ಲ ಎಂಬ ಮಾತು ಕಿವಿಯಣ್ಣನ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಎಷ್ಟೋ ಮಂದಿಗೆ ಹೇಳಿದ ಮಾತು. ಈ ಸಲ ಅದು ಹೊರಗೆ ಬರಲೊಲ್ಲದು. ಸ್ಪ್ಯಾನರ್ ಎತ್ತಿಕೊಂಡ, ಇಟ್ಟ. ತಂದಿಟ್ಟ ಚಹಾ ಆರಿ ಕೆನೆಗಟ್ಟಿತು. ಬಾಗಿಲಿಗೆ ಹೋಗಿ ರಸ್ತೆ ನೋಡಿದ, ಒಳಗೆ ಬಂದು ಮತ್ತೆ ಬಾಗಿಲಿಗೆ ಹೋದ. ಕೆಲವು ದಿನಗಳ ಹಿಂದೆ ಹೆಂಡತಿ, ಗಡಿಯಾರ ಅಷ್ಟು ಹೊತ್ತಿನಿಂದ ಬಾಯಿ ಬಡಕೊಳ್ತಿದೆ, ಏನು ಕುಂಭಕರ್ಣ ನಿದ್ದೆಯೋ ಎಂದು ಬೈದಿದ್ದಳು. ಅವನು ನಕ್ಕು ಎದ್ದಿದ್ದ. ಆದರೆ ಆಗ ಅವನು ನಿದ್ದೆಯಲ್ಲಿರಲಿಲ್ಲ, ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತ ಮಲಗಿದ್ದ. ಅದನ್ನು ಅವಳಿಗೆ ಹೇಳಿರಲಿಲ್ಲ.

ಅವನು ಹಳೆಯ ಟೈರುಗಳ ರಾಶಿಯ ಹಿಂದೆ ಹೋಗಿ ನಿಂತ. ಕೈಗಡಿಯಾರದ ಅಲಾರಂ ಒತ್ತಿ ಕಿವಿಯ ಹತ್ತಿರ ಹಿಡಿದ. ನಿಶ್ಶಬ್ದ. ಬ್ಯಾಟರಿ ಮುಗಿದಿರಬೇಕು ಎಂದುಕೊಂಡ, ಹಾಗೆಂದುಕೊಂಡಾಗ ಆದ ಹಿಗ್ಗು ಅವನಿಗೇ ನಾಚಿಕೆ ತಂದಿತು. ಆದರೆ ಗಡಿಯಾರದ ಅಂಕಿಗಳು ಮಿನುಗುತ್ತಲೇ ಇದ್ದವು. ಅಷ್ಟರಲ್ಲಿ ತಗಡಿನ ಗೋಡೆಯ ಆಚೆಯಿಂದ ಪಕ್ಕದ ಟೈಲರಮ್ಮನ ಗಂಟಲು ಬಂತು:

“ಯಾರಪ್ಪಾ ಅದು ಕುಯ್ ಕುಯ್ ಅನ್ನಿಸ್ತಿರೋದು? ನಿಲ್ಸಿ, ತಲೆ ಚಿಟ್ಟು ಹಿಡೀತು.”

ಕಿವಿಯಣ್ಣ ನಿಲ್ಲಿಸಿದ. ಗುಂಯ್ ಕೇಳುವ ಕಿವಿಗೆ ಚಿಂವ್ ಕೇಳುವುದಿಲ್ಲ. ಡಿಕ್ಕಿಯಲ್ಲಿ ಹಕ್ಕಿ ಇತ್ತೋ ಇಲ್ಲವೋ, ಅವನಂತೂ ಸಾಕ್ಷಿಯಲ್ಲ. ಇದನ್ನು ಬಾಯಿಬಿಟ್ಟರೆ ಹೆಸರು ಹೋಗುತ್ತದೆ, ಬಿಡದಿದ್ದರೆ ಆ ಹೆಂಗಸು ಸಂಜೆ ಬೆಟ್ಟ ಇಳಿಯುತ್ತಾಳೆ.

ಅವನು ನೇರ ಮೈದುನನ ಮುಂದೆ ಹೋಗಿ ನಿಂತ.

“ಓಡಿಸುವಾಗ ನಿನಗೆ ಹಕ್ಕಿ ಕೇಳ್ತಾ?”

ಮೈದುನ ಕೈಯೊರೆಸುವ ಬಟ್ಟೆಯನ್ನು ಹಿಂಡಿದ. “ಓಡಿಸೋನು ಮಾತಾಡಬಾರದು ಅಂದೋರು ನೀವೇ ಅಲ್ವಾ ಭಾವ.”

“ಈಗ ನಾನೇ ಕೇಳ್ತಿದೀನಿ. ಹೇಳು.”

“ಮೊದಲ ದಿನದಿಂದಾನೂ. ನಿಮಗೂ ಕೇಳಿರತ್ತೆ, ಏನೋ ಯೋಚನೆ ಮಾಡ್ತಿದೀರಿ ಅಂದ್ಕೊಂಡೆ. ಬೇರಿಂಗ್ ಹಾಕಿ ಮುಗೀತು ಅಂದ್ರಲ್ಲ, ಆಮೇಲೆ ಹೇಗೆ ಬಾಯಿ ಬಿಡೋದು ಅಂತ ತಿಳೀಲಿಲ್ಲ.”

“ನನಗೆ ಕೇಳಲ್ಲ ಕಣೋ.”

ಮೈದುನ ತಲೆ ಎತ್ತಿದ. ಗಾಡಿಯ ಕೀಲಿಯನ್ನು ಭಾವನ ಕೈಗೆ ಹಾಕಿದ. “ಹಾಗಾದ್ರೆ ನೀವು ಓಡಿಸಿ. ಆದ್ರೆ ಡಿಕ್ಕಿಗೆ ನಾನು ಬರಲ್ಲ. ಮುಚ್ಚಳ ಹಾಕ್ಬೇಕಾದ್ರೆ ನನ್ನ ಹೊಟ್ಟೆ ಹೊರಗಿಟ್ಟು ಹಾಕ್ಬೇಕು.”

ಮೈದುನ ಪಕ್ಕದ ಸೀಟಿನಲ್ಲೇ ಕೂತು, ಬಗ್ಗಿ, ಎರಡು ಸೀಟಿನ ನಡುವಿನ ಉಬ್ಬಿಗೆ ಕಿವಿ ಒತ್ತಿದ. ಆ ಉಬ್ಬಿನ ಕೆಳಗೇ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟ್ ತಿರುಗುತ್ತದೆ. ಕಿವಿಯಣ್ಣ ತುಟಿ ಕಚ್ಚಿಕೊಂಡು ಓಡಿಸಿದ, ತನ್ನ ಕಟ್ಟಳೆ ಎಷ್ಟು ಭಾರವೆಂದು ಆಗ ಗೊತ್ತಾಯಿತು. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಎಂಜಿನ್ ಸುಮ್ಮನೆ ಗುನುಗುವಂತೆ ಬಿಟ್ಟ. ಮೈದುನ ಹಕ್ಕಿಯ ಚಿಂವ್ ಚಿಂವ್‌ಗೆ ಸರಿಯಾಗಿ ಬೆರಳಿನಿಂದ ತಾಳ ಹಾಕುತ್ತಿದ್ದ. ಎಂಜಿನ್ ಸದ್ದು ತಗ್ಗಿದರೂ ತಾಳ ನಿಲ್ಲಲಿಲ್ಲ. ಗಾಡಿ ನಿಧಾನವಾದಾಗ ನಿಧಾನವಾಯಿತು, ನಿಂತಾಗ ನಿಂತಿತು.

“ಶಾಫ್ಟಿನ ಮುಂದಿನ ತುದಿ,” ಅಂದ ಮೈದುನ. “ಗೇರ್‌ಬಾಕ್ಸ್ ಹಿಂದೇನೇ.”

ಗಾಡಿಯನ್ನು ಎತ್ತಿ ನಿಲ್ಲಿಸಿ ಕಿವಿಯಣ್ಣ ಕೆಳಗೆ ಜಾರಿದ. ಶಾಫ್ಟ್ ಗೇರ್‌ಬಾಕ್ಸಿಗೆ ಸೇರುವ ಕಡೆ ಮಡಚಿಕೊಂಡು ತಿರುಗುವ ಕೀಲು ಇರುತ್ತದೆ, ಅದರ ನಡುವೆ ನಾಲ್ಕು ತುದಿಗೂ ಪುಟ್ಟ ಬಟ್ಟಲು ತೊಡಿಸಿದ ಕ್ರಾಸ್. ಅದರ ಒಂದು ಬಟ್ಟಲಿನ ಸುತ್ತ ಇಟ್ಟಿಗೆ ಪುಡಿಯಂಥ ತುಕ್ಕಿನ ಧೂಳು ಮೆತ್ತಿತ್ತು. ಬೆಳಕು ಹಿಡಿದು ನೋಡಿದ ಯಾರಿಗೂ ಕಾಣುವಂಥದ್ದು. ಕಿವಿ ನಂಬಿ ಅವನು ಅತ್ತ ನೋಡಿಯೇ ಇರಲಿಲ್ಲ. ಶಾಫ್ಟ್ ಕಳಚಿ ಕ್ರಾಸನ್ನು ಕೈಯಲ್ಲಿ ಆಡಿಸಿದ. ಅದು ನುಣುಪಾಗಿ ತಿರುಗದೆ ಒಂದು ಕಡೆ ಕಚ್ಚಿ ಕಚ್ಚಿ ಬಿಟ್ಟಿತು. ಬಟ್ಟಲು ತೆಗೆದರೆ ಒಳಗೆ ಗ್ರೀಸಿನ ಸುಳಿವೇ ಇಲ್ಲ, ಸೂಜಿಯಂಥ ಕಂಬಿಗಳು ಅರ್ಧ ಪುಡಿಯಾಗಿದ್ದವು. ಓಡುವಾಗ ಇದು ಬಿಟ್ಟುಕೊಂಡರೆ ಶಾಫ್ಟಿನ ಮುಂದಿನ ತುದಿ ರಸ್ತೆಗೆ ಊರುತ್ತದೆ. ಬೆಟ್ಟದ ತಿರುವಿನಲ್ಲಿ ಹಾಗಾಗಿದ್ದರೆ? ಮುಂದಿನದನ್ನು ಯೋಚಿಸಲಾಗದೆ ಅವನು ನೆಲದ ಮೇಲೇ ಕಣ್ಣು ಮುಚ್ಚಿ ಮಲಗಿಬಿಟ್ಟ.

ಸಂಜೆ ನರ್ಸಮ್ಮ ಚೀಲ ಹಿಡಿದು ಹೊರಟೇ ಬಂದಿದ್ದರು. ಕಿವಿಯಣ್ಣ ಪುಡಿಯಾದ ಕಂಬಿಗಳನ್ನು ಅಂಗೈಯಲ್ಲಿ ತೋರಿಸಿದ. ಹೊಸ ಕ್ರಾಸ್ ತರಿಸುವವರೆಗೆ ಗಾಡಿ ಅಲುಗಬಾರದು ಅಂದ. ಅಲ್ಲಿಗೇ ನಿಲ್ಲಿಸಬಹುದಿತ್ತು, ಮೈದುನ ಬೇಡವೆಂದು ಕಣ್ಣಲ್ಲೇ ಹೇಳಿದ ಕೂಡ. ಆದರೂ ಕಿವಿಯಣ್ಣ ಹೇಳಿದ:

“ಹಕ್ಕಿ ಹಿಡಿದದ್ದು ಇವನು. ನನ್ನ ಕಿವಿಗೆ ಅದು ಬೀಳೋದೇ ಇಲ್ಲ.”

ನರ್ಸಮ್ಮ ಅಯ್ಯೋ ಅನ್ನಲಿಲ್ಲ. ಚೀಲ ಕೆಳಗಿಟ್ಟು, ವಾರ್ಡಿನಲ್ಲಿ ವಿಚಾರಿಸುತ್ತಿದ್ದ ಧ್ವನಿಯಲ್ಲೇ ಇರಬೇಕು, “ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದರು.

ಹಳೇ ಗಾಡಿ, ಸ್ವಲ್ಪ ಮಾತಾಡ್ತದೆ ಎಂದು ತಾನು ಕಳಿಸಿಕೊಟ್ಟ ಗಾಡಿಗಳು ಒಂದೊಂದಾಗಿ ಕಿವಿಯಣ್ಣನ ಕಣ್ಣ ಮುಂದೆ ಬಂದವು. ನೆನಪಿಗೆ ಬಂದವರ ಮನೆಬಾಗಿಲಿಗೆ ಮರುದಿನದಿಂದ ಅವನೂ ಮೈದುನನೂ ಹೋಗತೊಡಗಿದರು. ಕೆಲವರು ಗಾಡಿ ಮಾರಿದ್ದರು, ಕೆಲವರು ಊರೇ ಬಿಟ್ಟಿದ್ದರು. ಮತ್ತೆ ಗ್ಯಾರೇಜಿಗೆ ಬಾರದವರು ಎಲ್ಲ ಸರಿಯಾಯಿತೆಂದು ಬರಲಿಲ್ಲವೋ, ಬೇರೆ ಕಾರಣಕ್ಕೆ ಬರಲಿಲ್ಲವೋ, ಅದು ಅವನಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಿಲ್ಲ.